ಇಬ್ಬರು ವೈಸ್ವಾ, ಒಂದೇ ಫೋಲ್ಡರು

ಸೋಮವಾರ, ಮಾರ್ಚ್ 3

ನನ್ನ ಕುರ್ಚಿಯನ್ನು ಕಿಟಕಿಯ ಪಕ್ಕದಿಂದ ಎತ್ತಿ ಬಾಗಿಲ ಪಕ್ಕಕ್ಕೆ ಹಾಕಿದ್ದಾರೆ. ಕಿಟಕಿಯ ಪಕ್ಕದಲ್ಲಿ ಈಗ ಒಬ್ಬ ಹೆಂಗಸು ಕೂತಿದ್ದಾಳೆ. ಹೆಸರು ನಂಗೋಬಿ. ಜಿಂಜಾದ ಯಾವುದೋ ಶಾಲೆಯಲ್ಲಿ ಕಂಪ್ಯೂಟರ್ ನೋಡಿಕೊಂಡಿದ್ದಳಂತೆ. ನಲವತ್ತರ ಆಸುಪಾಸು, ಬಾಯಿತುಂಬ ನಗು, ಚೀಲದ ತುಂಬ ಹುರಿದ ಶೇಂಗಾ.

ಕಮುಲಿಯಲ್ಲಿ ಈ ರೇಡಿಯೋ ಶುರುವಾದ ದಿನದಿಂದ ಸಾವಿನ ಸುದ್ದಿ ಓದುತ್ತಾ ಬಂದವನು ನಾನು. ಮನೆಯವರು ಚೀಟಿ ತರುತ್ತಾರೆ, ನಾನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಓದುತ್ತೇನೆ, ಮಾರನೆಯ ದಿನ ಮಣ್ಣು. ಜನ ಬಸ್ಸು ಹತ್ತುವುದು ನನ್ನ ದನಿ ಕೇಳಿ. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು ಅಂತ ಯಾವ ಸತ್ತವರ ಮನೆಯವರೂ ನನ್ನನ್ನು ವಾಪಸು ಕಳಿಸಿಲ್ಲ.

ಒಡೆಯ ಕಿರುಂಡಾ ಎಲ್ಲರ ಮುಂದೆ ನಿಂತು ಹೇಳಿದ: "ಟೆನ್ವಾ, ಇನ್ಮೇಲೆ ನೀನು ಮೂರು ಹೊತ್ತು ಮೈಕಿನ ಮುಂದೆ ಕೂರ್ಬೇಕಾಗಿಲ್ಲ. ಚೀಟಿ ಬಂದಾಗ ಒಂದ್ಸಲ ಓದಿ ರೆಕಾರ್ಡ್ ಮಾಡಿಡು. ಮಿಕ್ಕಿದ್ದನ್ನ ನಂಗೋಬಿ ಬರೆದಿರೋ ಬ್ಯಾಚ್ ಫೈಲ್ ನೋಡ್ಕೊಳ್ಳತ್ತೆ."

ಬ್ಯಾಚ್ ಫೈಲ್ ಅಂದರೆ ಏನು ಮಹಾ ಅಂತ ನೋಡಿದೆ. ಒಂದು ಪುಟಕ್ಕೂ ಸಾಲದಷ್ಟು ಸಾಲುಗಳು. ಅದನ್ನು ಒತ್ತಿದರೆ ಒಂದು ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ. ನನ್ನ ಫೋಲ್ಡರಿನಲ್ಲಿರುವ ದನಿಗಳನ್ನೂ, ಪೇಟೆಯಲ್ಲಿ ಚೀಟಿ ತೆಗೆದುಕೊಳ್ಳುವ ನಮ್ಮ ಇನ್ನೊಂದು ಕೌಂಟರಿನ ಫೆಸ್ಟಾ ಅಲ್ಲೇ ಓದಿ ಪೆನ್ ಡ್ರೈವಿನಲ್ಲಿ ತರುವ ದನಿಗಳನ್ನೂ ಎತ್ತಿಕೊಂಡು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂಬ ಮೂರು ಫೋಲ್ಡರಿಗೆ ಹಾಕುತ್ತದೆ. ಆ ಹೊತ್ತು ಬಂದಾಗ ಆ ಫೋಲ್ಡರಿನಲ್ಲಿ ಇರುವುದೆಲ್ಲ ತಾನಾಗಿಯೇ ಗಾಳಿಗೆ ಹೋಗುತ್ತದೆ. ಮಣ್ಣಾದ ಮೇಲೆ ಅವನ್ನೆಲ್ಲ ಹಳೆಯದು ಎಂಬ ಫೋಲ್ಡರಿಗೆ ತಳ್ಳುತ್ತದೆ. ಅಷ್ಟೇ. ಅಷ್ಟಕ್ಕೇ ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಊಟಕ್ಕೆ ಮೀನು ಬಂತು. ಕಿರುಂಡಾ ಮೀನಿನ ತಲೆಯನ್ನು ಅವಳ ತಟ್ಟೆಗೆ ಹಾಕಿದ. ತಲೆ ನನ್ನದು. ಈ ಸ್ಟೇಷನ್ನಿನಲ್ಲಿ ಮೀನು ಬಂದಾಗಲೆಲ್ಲ ತಲೆ ನನ್ನದು.

ಬುಧವಾರ, ಮಾರ್ಚ್ 5

ಕಪ್ಪು ಕಿಟಕಿ ತೆರೆಯಿತು, ಇಂಗ್ಲಿಷಿನಲ್ಲಿ ಏನೋ ಕೇಳಿತು, ಕಣ್ಣು ಮಿಟುಕಿಸುತ್ತಾ ಸುಮ್ಮನೆ ನಿಂತಿತು. ಮಧ್ಯಾಹ್ನದ ಹೊತ್ತು ಹತ್ತಿರ ಬರುತ್ತಿದೆ, ಇದು ನಿಂತೇ ಇದೆ.

"ಏನಂತೆ ಇದಕ್ಕೆ?" ಅಂದೆ.

"ಇದೇ ಹೆಸರಿನ ಫೈಲು ಅಲ್ಲಿ ಆಗ್ಲೇ ಇದೆ, ಅದನ್ನ ಅಳಿಸಿ ಇದನ್ನ ಹಾಕ್ಲಾ ಅಂತ ಕೇಳ್ತಿದೆ, ಯಜಮಾನ್ರೇ," ಅಂದಳು ಆ ಹೆಂಗಸು. "ನಿನ್ನೆ ನಾನು ಪರೀಕ್ಷೆಗೆ ಹಾಕಿದ್ದು ಅಲ್ಲೇ ಉಳ್ಕೊಂಡಿದೆ. ಹೌದು ಅಂತ ಒತ್ತಿ, ಸಾಕು."

"ನನ್ನನ್ನ ಯಾಕೆ ಕೇಳ್ಬೇಕು? ಕೆಲಸಕ್ಕೆ ಅಂತ ತಂದ್ಮೇಲೆ ಕೆಲಸ ಮಾಡ್ಬೇಕು. ಮಾತುಮಾತಿಗೂ ಇದಕ್ಕೆ ಹೂಂ ಅನ್ನೋಕೆ ನಾನೇನು ಇದರ ಹೆಂಡ್ತಿಯಾ?"

ಅವಳು ಶೇಂಗಾ ಉದುರುವ ಹಾಗೆ ನಕ್ಕಳು. "ಸರಿ ಬಿಡಿ, ಬಾಯಿ ಮುಚ್ಚಿಸ್ತೀನಿ." ಒಂದು ಓರೆ ಗೆರೆ, ಪಕ್ಕದಲ್ಲಿ ಒಂದು ಅಕ್ಷರ ಕುಟ್ಟಿದಳು. ಆಮೇಲೆ ಯಂತ್ರ ಏನೂ ಕೇಳಲಿಲ್ಲ. ಕೂಗಾಡಿದರೆ ಕೆಲಸ ಆಗುತ್ತದೆ ಅನ್ನುವುದು ಇದಕ್ಕೇ.

ಅವಳು ಟೀ ಕುಡಿಯಲು ಹೋದಾಗ ಆ ಫೈಲನ್ನು ತೆರೆದು ನೋಡಿದೆ. ತಲೆಯ ಮೇಲೆ, ಮೊದಲ ಸಾಲಿನಲ್ಲೇ, ತನ್ನ ಹೆಸರು ಬರೆದುಕೊಂಡಿದ್ದಾಳೆ. ನಾನು ಇಷ್ಟು ವರ್ಷ ಊರಿಗೆಲ್ಲ ಸತ್ತವರ ಹೆಸರು ಓದಿದೆ. ಒಂದು ಸಲವಾದರೂ ಕೊನೆಯಲ್ಲಿ 'ಓದಿದವನು ಟೆನ್ವಾ' ಅಂತ ಹೇಳಿಕೊಂಡೆನೇ?

ಶುಕ್ರವಾರ, ಮಾರ್ಚ್ 7

ರಾತ್ರಿ ಊಟದಲ್ಲಿ ಮುತೇಸಿ ಅಂದಳು: "ಈಗ ಎಷ್ಟು ಚೆನ್ನಾಗಿ ಕೇಳ್ಸತ್ತೆ ರೀ. ನಿಮ್ಮ ಕೆಮ್ಮು ಒಂದೂ ಇಲ್ಲ."

ಹೆಂಡತಿಯೂ ಆ ಕಡೆ.

"ನಿಮಗೆ ಹೊಟ್ಟೆಕಿಚ್ಚು," ಅಂತಲೂ ಅಂದಳು. ಗೆಣಸನ್ನು ಅಲ್ಲಿಗೇ ಬಿಟ್ಟು ಎದ್ದು ಬಂದೆ. ನನಗೇಕೆ ಹೊಟ್ಟೆಕಿಚ್ಚು?

ಮಂಗಳವಾರ, ಮಾರ್ಚ್ 11

ಬಲವೋಲಿಯಿಂದ ಬಾಲಿಕೋವಾ ಎಂಬವನು ಬಂದಿದ್ದ. ಶನಿವಾರ ತಂದೆಯ ಸಾವಿನ ಚೀಟಿ ಕೊಟ್ಟು ಹೋದವನು. ನಾನೇ ಚೀಟಿ ತೆಗೆದುಕೊಂಡೆ, ನಾನೇ ಓದಿ ರೆಕಾರ್ಡ್ ಮಾಡಿದೆ. ತಂದೆಯ ಹೆಸರು ವೈಸ್ವಾ.

ಬಾಗಿಲಲ್ಲಿ ನಿಂತೇ ಕೂಗಿದ. "ನಮ್ಮಪ್ಪನ ಹೆಸರು ಒಂದು ಹೊತ್ತೂ ಬರ್ಲಿಲ್ಲ! ಬುಯೆಂಡೆಲಿರೋ ನಮ್ಮತ್ತೆ ರೇಡಿಯೋನ ಕಿವಿಗೆ ಹಚ್ಕೊಂಡೇ ಇರೋಳು. ಅವಳಿಗೆ ಗೊತ್ತಾಗಿದ್ದು ನಿನ್ನೆ, ಅದೂ ಬಾಳೆಕಾಯಿ ಮಾರೋನ ಬಾಯಿಂದ! ಬಂದು ನೋಡಿದ್ಲು, ಬರೀ ಮಣ್ಣಿನ ಗುಡ್ಡೆ. ಒಡಹುಟ್ಟಿದ ಅಣ್ಣನ ಮುಖ ನೋಡ್ಲಿಲ್ಲ ಅವಳು. ಈಗ ನಮ್ಮ ಮೇಲೆ ಸಿಟ್ಟು ಅವಳಿಗೆ, ಬೇಕಂತ್ಲೇ ಹೇಳ್ಲಿಲ್ಲ ಅಂತ. ನಿನ್ನ ನಂಬಿ ಚೀಟಿ ಕೊಟ್ಟೆನಲ್ಲ ಮುದುಕಾ!"

"ನಾನು ಓದಿದ್ದೀನಿ ಕಣಯ್ಯಾ!"

"ಯಾರಿಗೆ ಓದಿದೆ? ಗೋಡೆಗಾ?"

ಕಿರುಂಡಾ ಹೊರಗೆ ಬಂದ. ನಂಗೋಬಿ ಕಂಪ್ಯೂಟರಿನಲ್ಲಿ ಹುಡುಕಿದಳು. ನನ್ನ ದನಿಯಲ್ಲಿ ವೈಸ್ವಾ ಎಲ್ಲೂ ಇಲ್ಲ. ಮೆಲ್ಲಗೆ ಕೇಳಿದಳು: "ಯಜಮಾನ್ರೇ, ರೆಕಾರ್ಡ್ ಆದ್ಮೇಲೆ ಸೇವ್ ಒತ್ತಿದ್ರಾ?"

ಎಲ್ಲರ ಮುಂದೆ. ಒತ್ತಿದ್ರಾ ಅಂತೆ.

ಬಾಲಿಕೋವಾ ಉಗಿದು ಹೋದ ಮೇಲೆ ಕಿರುಂಡಾ ನನ್ನನ್ನು ಒಳಗೆ ಕರೆದ. "ಟೆನ್ವಾ, ಇನ್ನೊಂದ್ಸಲ ಹೀಗಾದ್ರೆ ನೀನು ಮನೇಲಿರು. ವಯಸ್ಸಾಯ್ತು, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಸಾವಿನ ಸುದ್ದಿ ತಪ್ಪಿದ್ರೆ ಈ ಸ್ಟೇಷನ್ ಕಡೆ ಯಾರೂ ತಲೆ ಹಾಕಲ್ಲ."

ಬಾಗಿಲ ಪಕ್ಕದ ಕುರ್ಚಿಯಿಂದ ಮುಂದಿನ ಜಾಗ ಹೊರಗೇ.

ನಾನು ಸೇವ್ ಒತ್ತಿದ್ದೆ. ನನ್ನ ಬೆರಳಿಗೆ ನೆನಪಿದೆ.

ಬುಧವಾರ, ಮಾರ್ಚ್ 12

ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ಹಳೆಯದು ಎಂಬ ಫೋಲ್ಡರನ್ನು ತೆರೆದೆ. ಶನಿವಾರದ್ದು. ಅದರಲ್ಲಿ 'ವೈಸ್ವಾ' ಅಂತ ಒಂದು ಫೈಲು ಇತ್ತು. ಒತ್ತಿದೆ. ದನಿ ನನ್ನದಲ್ಲ, ಪೇಟೆಯ ಫೆಸ್ಟಾಳದು. ಬುಗುಲುಂಬ್ಯಾದ ಯಾರೋ ವೈಸ್ವಾ. ಅದೂ ಏನಂತ ಓದಿದ್ದಾಳೆ, 'ಸತ್ತಿದ್ದಾರೆ' ಅಂತ. ವೈಸ್ವಾ ಅಂದಮೇಲೆ ಅವಳಿಯಲ್ಲಿ ಒಬ್ಬ, ಅವಳಿಗಳು ಸಾಯುತ್ತಾರೆಯೇ? ಅವಳಿಗಳು 'ಹಾರಿಹೋದರು' ಅನ್ನಬೇಕು ನಮ್ಮಲ್ಲಿ. ಅಷ್ಟೂ ಗೊತ್ತಿಲ್ಲದವಳನ್ನು ಕೌಂಟರಿನಲ್ಲಿ ಕೂರಿಸಿದ್ದಾರೆ.

ಆಮೇಲೆ ತಲೆಗೆ ಹೊಳೆಯಿತು. ಫೈಲಿಗೆ ಸತ್ತವರ ಹೆಸರೇ ಇಡಬೇಕು ಅಂತ ನಂಗೋಬಿ ನಮಗಿಬ್ಬರಿಗೂ ಹೇಳಿದ್ದಳು. ನಾನೂ ವೈಸ್ವಾ ಅಂತ ಇಟ್ಟೆ, ಫೆಸ್ಟಾಳೂ ವೈಸ್ವಾ ಅಂತ ಇಟ್ಟಳು. ಒಂದೇ ಹೆಸರು, ಒಂದೇ ಫೋಲ್ಡರು. ಮೊದಲು ಹೋದದ್ದು ನನ್ನದು. ಆಮೇಲೆ ಬಂದದ್ದು ಅದನ್ನು ಅಳಿಸಿ ತಾನು ಕೂತಿತು.

ಜಿಂಜಾದ ಶಾಲೆಯಲ್ಲಿ ನಂಗೋಬಿಗೆ ಇದು ಗೊತ್ತಾಗಲಿಲ್ಲವೇ? ಈ ಸೀಮೆಯಲ್ಲಿ ಗಂಡು ಅವಳಿ ಹುಟ್ಟಿದರೆ ಮೊದಲನೆಯವನು ವೈಸ್ವಾ, ಎರಡನೆಯವನು ಟೆನ್ವಾ. ಹೆಣ್ಣಾದರೆ ಮೊದಲನೆಯವಳು ಬಬಿರ್ಯೆ. ಹೆಸರು ಹುಡುಕುವ ಕೆಲಸವೇ ಇಲ್ಲ. ಒಂದೊಂದು ಹಳ್ಳಿಯಲ್ಲೂ ಕೈಗೆ ಸಿಕ್ಕಷ್ಟು ವೈಸ್ವಾಗಳು. ಅವರನ್ನು ಬೇರೆ ಹೆಸರಿನಿಂದ ಕರೆದರೆ ಮನೆಯವರು ಜಗಳಕ್ಕೆ ಬರುತ್ತಾರೆ.

ನಾನೇ ಟೆನ್ವಾ. ನನಗಿಂತ ಮೊದಲು ಹೊರಗೆ ಬಂದವನು ನಮಸಗಾಲಿಯಲ್ಲಿ ಬಲೆ ಹಾಕಿಕೊಂಡು ಗಟ್ಟಿಯಾಗಿದ್ದಾನೆ. ಮೊದಲ ತುತ್ತು ಅವನಿಗೆ, ಮೊದಲ ಅಂಗಿ ಅವನಿಗೆ, ಈಗಲೂ ಮದುವೆ ಊಟದಲ್ಲಿ ಮೊದಲ ತಟ್ಟೆ ಅವನಿಗೆ. ಈ ಯಂತ್ರದಲ್ಲಿ ಮಾತ್ರ ಎರಡನೆಯವನು ಮೊದಲಿನವನನ್ನು ಅಳಿಸಿಹಾಕುತ್ತಾನೆ. ನಗು ಬಂತು. ನಕ್ಕೆ.

ಕಿರುಂಡಾ ಕಂಪಾಲಾಗೆ ಹೋಗಿದ್ದಾನೆ, ಶನಿವಾರ ಬರುತ್ತಾನೆ. ಅವನೂ ಇರಬೇಕು, ಎಲ್ಲರೂ ಇರಬೇಕು. ಆಗ ಹೇಳುತ್ತೇನೆ. ಸೇವ್ ಒತ್ತಿದ್ರಾ ಅಂತ ಕೇಳಿದಳಲ್ಲ, ಅವಳ ಮುಖ ಆಗ ನೋಡಬೇಕು.

ಇವತ್ತು ಹಸಿವು ಚೆನ್ನಾಗಿತ್ತು. ಮುತೇಸಿ ಎರಡು ಸಲ ಬಡಿಸಿದಳು.

ಶುಕ್ರವಾರ, ಮಾರ್ಚ್ 14

ನಾಳೆಯವರೆಗೆ ಸುಮ್ಮನಿರಬೇಕೆಂದಿದ್ದೆ.

ಮಧ್ಯಾಹ್ನ ನಮಸಗಾಲಿಯಿಂದ ಒಬ್ಬಳು ಹೆಂಗಸು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಅವಳ ಅಜ್ಜಿ ಬಬಿರ್ಯೆ ಹಾರಿಹೋಗಿದ್ದಾಳೆ. ಚೀಟಿ ತೆಗೆದುಕೊಂಡೆ, ಓದಿದೆ, ಇಟ್ಟೆ. ಅಷ್ಟರಲ್ಲಿ ಫೆಸ್ಟಾ ಫೋನು ಮಾಡಿ ಪೆನ್ ಡ್ರೈವ್ ತರುತ್ತಿದ್ದೇನೆ ಅಂದಳು.

"ಯಾರ್ಯಾರು?" ಅಂದೆ.

"ಒಬ್ಬಳೇ. ಕಸಾಂಬಿರಾದ ಬಬಿರ್ಯೆ."

ಫೋನು ಇಟ್ಟೆ. ಇನ್ನೇನು ಬೇಕು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಗೆ ನನ್ನ ಬಬಿರ್ಯೆ ಮಾಯ, ನಾಳೆ ಕಿರುಂಡಾನ ಮುಂದೆ ಬಿಸಿಬಿಸಿ ಪುರಾವೆ.

ಚೀಟಿ ತಂದವಳು ಇನ್ನೂ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. "ಸಂಜೆ ಬರತ್ತಲ್ಲ ತಾತಾ? ನಮ್ಮ ಮಾವಂದಿರೆಲ್ಲ ಕಬ್ಬಿನ ಕೆಲಸಕ್ಕೆ ಕಾಕಿರಾಗೆ ಹೋಗಿದ್ದಾರೆ. ಅಲ್ಲಿ ರೇಡಿಯೋ ಕೇಳ್ತಾರೆ."

ಬರುತ್ತದೆ ಅಂದೆ. ಒಳಗೆ ಬಂದು ಕೂತೆ. ಎದ್ದೆ. ಮತ್ತೆ ಕೂತೆ. ಅವಳ ಮಗು ಸುಮ್ಮನೆ ಅಳುತ್ತಿತ್ತು, ಆ ಗಲಾಟೆಗೆ ತಲೆ ಕೆಟ್ಟುಹೋಯಿತು. ಹೋಗಿ ನಂಗೋಬಿಯ ಮೇಜಿನ ಮೇಲೆ ಕೈ ಬಡಿದೆ.

"ನಿನ್ನ ಯಂತ್ರ ಮನುಷ್ಯರನ್ನ ನುಂಗತ್ತೆ! ಒಂದೇ ಹೆಸರಿನವರು ಇಬ್ಬರು ಬಂದ್ರೆ ಒಬ್ಬರನ್ನ ನುಂಗಿ ನೀರು ಕುಡಿಯತ್ತೆ!"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ವೈಸ್ವಾನ ಕಥೆ ಹೇಳಿದೆ, ಬಬಿರ್ಯೆಯದೂ ಹೇಳಿದೆ. ಶೇಂಗಾ ಅಗಿಯುವುದು ನಿಂತಿತು. ಮೈಕ್ ತೆಗೆದುಕೊಂಡು 'ಒಂದು' ಅಂತ ಹೇಳಿ ಒಂದು ಫೈಲು ಮಾಡಿದಳು, 'ಎರಡು' ಅಂತ ಹೇಳಿ ಇನ್ನೊಂದು. ಎರಡಕ್ಕೂ ಒಂದೇ ಹೆಸರು, ಬೇರೆ ಬೇರೆ ಫೋಲ್ಡರಿನಲ್ಲಿ. ಬ್ಯಾಚ್ ಫೈಲ್ ಓಡಿಸಿದಳು. ಕಪ್ಪು ಕಿಟಕಿ ಬಂತು, ಹೋಯಿತು. ಸಂಜೆಯ ಫೋಲ್ಡರಿನಲ್ಲಿ ಆ ಹೆಸರಿನದು ಒಂದೇ ಫೈಲು. ಒತ್ತಿದರೆ 'ಎರಡು' ಅಂದಿತು.

ಅವಳು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತುಬಿಟ್ಟಳು. "ಅಯ್ಯೋ ದೇವ್ರೇ. ಆ ಬುಯೆಂಡೆ ಅತ್ತೆ. ನನ್ನಿಂದ."

ಈ ಮುಖ ನೋಡಬೇಕು ಅಂತ ನಾನು ಎರಡು ದಿನದಿಂದ ಕಾದಿದ್ದೆ. ನೋಡಿದೆ. ಅಂದುಕೊಂಡಷ್ಟು ಚೆನ್ನಾಗಿರಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?" ಅಂತ ಕೇಳಿದಳು.

"ಈಗ," ಅಂದೆ.

ನನ್ನ ಬಬಿರ್ಯೆಗೆ ಹಳ್ಳಿಯ ಹೆಸರು ಅಂಟಿಸಿ ಕೈಯಿಂದಲೇ ಫೋಲ್ಡರಿಗೆ ಹಾಕಿದಳು. ಸಂಜೆ ಇಬ್ಬರು ಬಬಿರ್ಯೆಯರೂ ಒಬ್ಬರ ಹಿಂದೆ ಒಬ್ಬರು ಗಾಳಿಗೆ ಹೋದರು. ಮೆಟ್ಟಿಲ ಮೇಲಿನ ಹೆಂಗಸು ಅದನ್ನು ಕೇಳಿಯೇ ಎದ್ದಳು.

ಶನಿವಾರ, ಮಾರ್ಚ್ 15

ಕಿರುಂಡಾ ಬಂದ ತಕ್ಷಣ, ನಾನು ಬಾಯಿ ತೆರೆಯುವ ಮೊದಲೇ, ಅವಳೇ ಹೋಗಿ ಹೇಳಿದಳು. ಎಲ್ಲರ ಮುಂದೆ. "ಟೆನ್ವಾ ಯಜಮಾನ್ರದ್ದು ಏನೂ ತಪ್ಪಿಲ್ಲ. ಅವರು ಸರಿಯಾಗೇ ಸೇವ್ ಮಾಡಿದ್ರು. ಒಂದೇ ಹೆಸರು ಬಂದ್ರೆ ಅದು ಕೇಳ್ಬೇಕಿತ್ತು. ಕೇಳದ ಹಾಗೆ ಮಾಡಿದ್ದು ನಾನು. ತಪ್ಪು ನಂದು."

ಆಗ ನನಗೆ ಆ ಓರೆ ಗೆರೆ ನೆನಪಾಯಿತು. ಪಕ್ಕದಲ್ಲಿ ಒಂದು ಅಕ್ಷರ. ಬಾಯಿ ಮುಚ್ಚಿಸ್ತೀನಿ ಅಂದಿದ್ದಳು.

ಯಾರು ಕೂಗಾಡಿದ್ದಕ್ಕೆ ಅದರ ಬಾಯಿ ಮುಚ್ಚಿಸಿದಳು ಅಂತ ಅವಳು ಹೇಳಬಹುದಿತ್ತು. ಹೇಳಿದ್ದರೆ ನಾನು ಜಗಳವಾಡಬಹುದಿತ್ತು. ಹೇಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕೆಮ್ಮಿದೆ, ಅಷ್ಟೇ.

ಕಿರುಂಡಾ ಏನು ಮಾಡಿದ? ಬೈದನೇ? "ನೋಡ್ರಪ್ಪಾ, ತಪ್ಪು ಒಪ್ಕೊಳ್ಳೋದು ಅಂದ್ರೆ ಇದು," ಅಂತ ಎಲ್ಲರಿಗೂ ತೋರಿಸಿ ಹೊಗಳಿದ. ಸರಿಯಾಗಿ ಮಾಡಿದರೂ ಅವಳಿಗೆ ಚಪ್ಪಾಳೆ, ಕೆಡಿಸಿದರೂ ಅವಳಿಗೇ ಚಪ್ಪಾಳೆ. ಹೀಗೂ ಹುಟ್ಟಿಬರುತ್ತಾರೆ ಜನ.

ಸೋಮವಾರ, ಮಾರ್ಚ್ 17

ಇನ್ನು ಮೇಲೆ ಬರೀ ವೈಸ್ವಾ, ಬರೀ ಬಬಿರ್ಯೆ ಅಂತ ಇಡಬಾರದು ಅಂತ ನಾನು ಹೇಳಿದೆ. ಚೀಟಿ ತಂದವರನ್ನು ನಾನು ಯಾವಾಗಲೂ ಕೇಳುತ್ತೇನೆ: ಯಾರ ಮಗ, ಯಾವ ಹಳ್ಳಿ, ಯಾವ ಕುಲ. ಅದನ್ನೇ ಫೈಲಿಗೂ ಇಡಲಿ. ನಂಗೋಬಿ ತಲೆದೂಗಿದಳು. ಅದರ ಮೇಲೂ ಹೆಸರು ಒಂದೇ ಆದರೆ ಯಂತ್ರ ಎರಡನೆಯದನ್ನು ಅಳಿಸದೆ, ಒಂದು ಅಂಕಿ ಹಾಕಿ ಪಕ್ಕದಲ್ಲಿ ಕೂರಿಸಬೇಕು ಅಂತ ಅವಳು ಒಂದು ಸಾಲು ಸೇರಿಸಿದಳು.

ಓಡಿಸಿದಳು. ಒಂದು ಫೈಲೂ ಅಲುಗಲಿಲ್ಲ. ಕಪ್ಪು ಕಿಟಕಿ ಮಿಂಚಿನ ಹಾಗೆ ಬಂದು ಹೋಯಿತು. ಹೋಗುವ ಮೊದಲು ನಿಲ್ಲು ಅಂತ ಕೊನೆಗೆ ಒಂದು ಸಾಲು ಬರೆದಳು. ಆಗ ನಿಂತಿತು, ಓದಲು ಸಿಕ್ಕಿತು. ಅಂಥ ಫೈಲು ಇಲ್ಲವೇ ಇಲ್ಲ ಅನ್ನುತ್ತಿತ್ತು. ಕಣ್ಣೆದುರಿಗೇ ಇದೆ, ಇಲ್ಲ ಅನ್ನುತ್ತದೆ.

"ನೀವು ಒಂದೊಂದೇ ಸಾಲು ಗಟ್ಟಿಯಾಗಿ ಓದಿ ದೊಡ್ಡಪ್ಪ," ಅಂದಳು. "ಸಾವಿನ ಚೀಟಿ ಓದೋ ಹಾಗೆ ನಿಧಾನಕ್ಕೆ. ನನ್ನ ಕಣ್ಣು ನಾನು ಬರೆದದ್ದರ ಮೇಲೆ ಜಾರ್ಕೊಂಡು ಹೋಗತ್ತೆ."

ಓದಿದೆ. ಅಕ್ಷರ ಅಕ್ಷರ ಓದಿದೆ, ಗೆರೆ, ಚುಕ್ಕೆ, ಬಿಟ್ಟ ಜಾಗ ಎಲ್ಲ. ಮೂರನೆಯ ಸಲ ಓದುವಾಗ ಹಣೆ ಹಣೆ ಬಡಿದುಕೊಂಡಳು. "ಬಿಟ್ಟ ಜಾಗ! ವೈಸ್ವಾ ಆದ್ಮೇಲೆ ಜಾಗ ಬಿಟ್ಟು ಬಲವೋಲಿ ಅಂತ ಇದ್ರೆ, ಇದು ವೈಸ್ವಾಗೇ ನಿಂತ್ಬಿಡತ್ತೆ. ಬಲವೋಲಿ ಬೇರೆ ಯಾರೋ ಅಂದ್ಕೊಳ್ಳತ್ತೆ. ಹೆಸರಿನ ಹಿಂದೆ ಮುಂದೆ ಕೊಕ್ಕೆ ಹಾಕ್ಬೇಕು."

ಕೊಕ್ಕೆ ಅಂದರೆ ಆಡಿದ ಮಾತಿನ ಆಚೀಚೆ ಹಾಕುವ ಗುರುತು, ಮೇಲೆ ತೂಗುವ ಎರಡು ಗೀಟು. ನಾನು ಓದಿದ್ದು, ಹಿಡಿದದ್ದು ಅವಳು. ಮೈಯೆಲ್ಲ ಉರಿಯಿತು. ಕೊಕ್ಕೆ ಹಾಕುತ್ತಾ ಹೋದಳು, ನಾನು ಹಿಂದೆ ನಿಂತು ನೋಡುತ್ತಿದ್ದೆ. ಸಂಜೆಯ ಫೋಲ್ಡರಿನ ಸಾಲಿನಲ್ಲಿ ತೆರೆದ ಕೊಕ್ಕೆಯನ್ನು ಮುಚ್ಚಲು ಮರೆತಳು.

"ಅಲ್ಲಿ!" ಅಂದೆ. "ತೆಗೆದ ಬಾಗಿಲು ಯಾರು ಹಾಕ್ತಾರೆ?"

ಅವಳು ನೋಡಿದಳು. ಹೌದು. ಬಿಟ್ಟಿದ್ದಳು. ಸಂಜೆಯ ಸಾಲಿನಲ್ಲಿ, ಕೊನೆಯಿಂದ ಎರಡನೆಯ ಜಾಗದಲ್ಲಿ, ಅವಳು ಬಿಟ್ಟದ್ದನ್ನು ನಾನು ಕಂಡೆ. ನಾನು.

ಯಂತ್ರ ನಿಂತಿದ್ದರಿಂದ ಇಡೀ ದಿನ ಮೊದಲಿನ ಹಾಗೆ ಮೈಕಿನ ಮುಂದೆ ಕೂತು ನಾನೇ ಓದಿದೆ. ಖುಷಿಯಾಗಬೇಕಿತ್ತು. ಓದುತ್ತಿದ್ದಾಗಲೂ ಮನಸ್ಸೆಲ್ಲ ಆ ಕಪ್ಪು ಕಿಟಕಿಯ ಹತ್ತಿರವೇ.

ಗುರುವಾರ, ಮಾರ್ಚ್ 20

ಕೊಕ್ಕೆ ಕಂಡವನು ನಾನು, ಒಂದೇ ಹೆಸರಿನ ರೋಗ ಪತ್ತೆ ಹಚ್ಚಿದವನೂ ನಾನು. ಮೊದಲ ಸಾಲಿನಲ್ಲಿ ಹೆಸರು ಮಾತ್ರ ಇನ್ನೂ ಅವಳದೊಂದೇ. ಅವಳು ಹೊರಗೆ ಹೋದಾಗ ಫೈಲು ತೆರೆದು, ಅವಳ ಹೆಸರಿನ ಮೇಲೆ ಒಂದು ಸಾಲು ಮಾಡಿ, ನನ್ನ ಹೆಸರು ಕುಟ್ಟಿದೆ. ಸೇವ್ ಒತ್ತಿದೆ.

ಮಧ್ಯಾಹ್ನ ಕಪ್ಪು ಕಿಟಕಿ ತೆರೆದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಹೇಳಿತು. ಹೇಳಿದ್ದಿಷ್ಟು: ಟೆನ್ವಾ ಅಂದರೆ ಏನೋ ನನಗೆ ಗೊತ್ತಿಲ್ಲ, ಒಳಗಿನ ಕೆಲಸವೂ ಅಲ್ಲ, ಹೊರಗಿನ ಕೆಲಸವೂ ಅಲ್ಲ.

ಇಡೀ ಕಮುಲಿ ಸೀಮೆಗೆ ಗೊತ್ತಿರುವ ಹೆಸರು. ಈ ಡಬ್ಬಿಗೆ ಗೊತ್ತಿಲ್ಲವಂತೆ. ಅವಳ ಹೆಸರು ಮಾತ್ರ ಗೊತ್ತು!

ನಂಗೋಬಿ ಬಂದು ನೋಡಿ ಮೇಜಿಗೆ ಒರಗಿಕೊಂಡು ನಕ್ಕಳು. ಕಣ್ಣಲ್ಲಿ ನೀರು. "ದೊಡ್ಡಪ್ಪ, ನನ್ನ ಹೆಸರೂ ಅದಕ್ಕೆ ಗೊತ್ತಿಲ್ಲ. ಅದರ ಮುಂದೆ ರೆಮ್ ಅಂತ ಹಾಕಿದ್ದೀನಿ ನೋಡು. ಹಾಗಂದ್ರೆ, ಇದು ನಿಂಗಲ್ಲ, ಓದೋ ಮನುಷ್ಯರಿಗೆ, ನೀನು ದಾಟ್ಕೊಂಡು ಹೋಗು ಅಂತ. ಅದಿಲ್ದೆ ಬರೆದ್ರೆ ಅದು ಟೆನ್ವಾ ಅನ್ನೋ ಕೆಲಸ ಎಲ್ಲಿದೆ ಅಂತ ಊರೆಲ್ಲ ಹುಡುಕತ್ತೆ."

ನನ್ನ ಸಾಲನ್ನು ಅಳಿಸಿ, ತನ್ನ ಹೆಸರಿನ ಪಕ್ಕದಲ್ಲೇ ನನ್ನದನ್ನೂ ಬರೆದಳು. ನಂಗೋಬಿ, ಟೆನ್ವಾ. ಮೊದಲು ಅವಳು, ಆಮೇಲೆ ನಾನು. ಇಲ್ಲೂ ಎರಡನೆಯವನೇ.

ಊಟಕ್ಕೆ ಮೀನು ಬಂದಿತ್ತು. ತಲೆಯನ್ನು ಅವಳ ತಟ್ಟೆಗೆ ಹಾಕಿದೆ. ಮುಳ್ಳು ಜಾಸ್ತಿ ಇತ್ತು ಅದರಲ್ಲಿ.

ಶನಿವಾರ, ಮಾರ್ಚ್ 29

ಬಲವೋಲಿಯಲ್ಲಿ ಬಾಲಿಕೋವಾನ ಮನೆಯವರು ಸಾವನ್ನು ಮನೆಯಿಂದ ಹೊರಗಟ್ಟುವ ಕೂಟ ಇಟ್ಟುಕೊಂಡಿದ್ದರು. ಅದರ ಕರೆಯನ್ನು ನಾವೇ ಕೇಳಿ ತಂದು, ನನ್ನ ದನಿಯಲ್ಲಿ ವಾರವೆಲ್ಲ ಮೂರು ಹೊತ್ತೂ ಹಾಕಿದೆವು. ಫೈಲಿನ ಹೆಸರು ಒಂದು ಮೊಳ ಉದ್ದ: ತಂದೆ, ಹಳ್ಳಿ, ಕುಲ ಎಲ್ಲ ಸೇರಿ. ಒಂದೇ ಒಂದು ಸಲವೂ ತಪ್ಪಲಿಲ್ಲ. ನಾನು ಹೋಗಿ ಹೋಗಿ ನೋಡುತ್ತಿದ್ದೆ.

ಇವತ್ತು ನಂಗೋಬಿಯೂ ನಾನೂ ಹೋದೆವು. ಬುಯೆಂಡೆಯ ಅತ್ತೆ ಬಂದಿದ್ದಳು. ಸಣಕಲು ಮುದುಕಿ, ಕಣ್ಣು ಮಾತ್ರ ಸೂಜಿ. "ಯಾರು ಆ ಓದಿದೋನು?" ಅಂತ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ.

"ಹಾರಿಹೋದ ಅಂದ್ಯಲ್ಲ," ಅಂದಳು. "ನಮ್ಮಣ್ಣ ಹಾರಿಹೋದ ಅಂತ. ಸರಿಯಾಗಿ ಹೇಳ್ದೆ." ಆಮೇಲೆ ಬಾಲಿಕೋವಾನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಉಂಡಳು.

ನಂಗೋಬಿ ಆ ಮುದುಕಿಯ ಕಾಲಿಗೆ ಬಿದ್ದು ತಪ್ಪು ತನ್ನದು ಅಂದಳು. ಆ ಓರೆ ಗೆರೆಯ ವಿಷಯ ನಾನು ಹೇಳಬೇಕೆಂದು ಬಾಯಿ ತೆರೆದೆ. ಯಾರೋ ಬಂದು ಬಾಳೆಹಣ್ಣಿನ ಹೆಂಡದ ಗಡಿಗೆ ನಡುವೆ ಇಟ್ಟರು.

ವಾಪಸು ಬರುವಾಗ ಬೈಕಿನ ಮೇಲೆ ಹೇಳಿದೆ. "ಬಾಯಿ ಮುಚ್ಚಿಸು ಅಂದಿದ್ದು ನಾನು ಕಣೇ."

"ಗೊತ್ತು ದೊಡ್ಡಪ್ಪ. ಗಟ್ಟಿಯಾಗಿ ಹಿಡ್ಕೋ, ಗುಂಡಿ ಇದೆ."

ಬುಧವಾರ, ಏಪ್ರಿಲ್ 2

ಜಿಂಜಾದಿಂದ ಒಂದು ಕಾರು ಬಂತು. ಅಲ್ಲಿಯ ಒಂದು ರೇಡಿಯೋದವನು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು. ನಮ್ಮ ಬ್ಯಾಚ್ ಫೈಲಿನ ಸುದ್ದಿ ಅಲ್ಲಿಗೂ ಹೋಗಿದೆ. ಅವರಿಗೂ ಸಾವಿನ ಸುದ್ದಿ ಬೆರಕೆಯಾಗುತ್ತದಂತೆ. ನಂಗೋಬಿಯನ್ನು ಕಳಿಸಿಕೊಡಿ, ಅಲ್ಲೂ ಇದನ್ನು ಕೂರಿಸಿ ಬರಲಿ, ಇಷ್ಟವಾದರೆ ಅಲ್ಲೇ ಇರಲಿ ಅಂತ ಕಿರುಂಡಾನ ಮುಂದೆಯೇ ಕೇಳಿದ. ನಾಚಿಕೆ ಬೇಡವೇ?

ಅವಳ ಪಕ್ಕದಲ್ಲಿ ಕೂತು ಕಂಪ್ಯೂಟರ್ ನೋಡುತ್ತಾ, "ಅದ್ಭುತ, ಅದ್ಭುತ," ಅಂತಿದ್ದ. ನನ್ನ ಕೊಕ್ಕೆಯ ಸಾಲನ್ನು ತೋರಿಸಿಯೇ ಅದ್ಭುತ ಅಂದ. ಅವಳು ಅವನಿಗೆ ಶೇಂಗಾ ಕೊಟ್ಟಳು. ಕೈತುಂಬ.

"ಜಿಂಜಾದಲ್ಲಿ ಕಂಪ್ಯೂಟರ್ ಗೊತ್ತಿರೋರು ಯಾರೂ ಇಲ್ವೇನಯ್ಯಾ?" ಅಂತ ಕೇಳಿದೆ.

"ಇವರ ಹಾಗೆ ಇಲ್ಲ, ಯಜಮಾನ್ರೇ."

"ಹಾಗಾದ್ರೆ ಹುಟ್ಟಿಸ್ಕೊಳ್ಳಿ."

ಕಿರುಂಡಾ ಕಣ್ಣು ಬಿಟ್ಟ. ನಾನು ಹೊರಗೆ ಹೋಗಿ ಅವನ ಕಾರಿನ ಮೇಲೆ ಕೂತಿದ್ದ ಕೋಳಿಯನ್ನು ಓಡಿಸಲಿಲ್ಲ.

ಶುಕ್ರವಾರ, ಏಪ್ರಿಲ್ 4

ಹೋದಳು.

ಕಿಟಕಿಯ ಪಕ್ಕದ ಕುರ್ಚಿ ಖಾಲಿ. ಕೂತು ನೋಡು ಅಂತ ಕಿರುಂಡಾ ಅಂದ. ಬಿಸಿಲು ಬೀಳುತ್ತದೆ ಅಲ್ಲಿ, ಬೇಡ ಅಂದೆ.

ಭಾನುವಾರ, ಏಪ್ರಿಲ್ 6

ಜಿಂಜಾದವರು ಅವಳಿಗೆ ಯಾವ ಕುರ್ಚಿ ಕೊಟ್ಟಿದ್ದಾರೋ. ಅಲ್ಲಿ ಸರೋವರದ ಮೀನು, ದೊಡ್ಡದು. ತಲೆಯೂ ದೊಡ್ಡದು.

ಮಂಗಳವಾರ, ಏಪ್ರಿಲ್ 8

ಬೆಳಿಗ್ಗೆ ಬ್ಯಾಚ್ ಫೈಲ್ ಸರಿಯಾಗಿ ಓಡುತ್ತದೋ ಇಲ್ಲವೋ ಅಂತ ಒಂದು ಪರೀಕ್ಷೆ ಮಾಡೋಣ ಅನಿಸಿತು. ಅವಳು ಇದ್ದಾಗ 'ಒಂದು', 'ಎರಡು' ಅಂತ ರೆಕಾರ್ಡ್ ಮಾಡುತ್ತಿದ್ದಳು. ನನಗೆ ಅಂಕಿ ಹೇಳಿ ಅಭ್ಯಾಸವಿಲ್ಲ, ಚೀಟಿ ಓದಿಯೇ ಅಭ್ಯಾಸ. ಮೈಕಿನ ಮುಂದೆ ಬಾಯಿಗೆ ಬಂದದ್ದನ್ನು ಓದಿದೆ:

"ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಕಮುಲಿಯ ನಂಗೋಬಿ ಸತ್ತಿಲ್ಲ, ಹಾರಿಹೋಗಿಯೂ ಇಲ್ಲ, ಜಿಂಜಾಗೆ ಹೋಗಿದ್ದಾಳೆ. ಇಲ್ಲಿ ಕಿಟಕಿಯ ಪಕ್ಕದ ಕುರ್ಚಿ ಧೂಳು ಹಿಡಿಯುತ್ತಿದೆ. ಆಕೆ ಎಲ್ಲಿದ್ದರೂ, ಯಾರ ಶೇಂಗಾ ತಿನ್ನುತ್ತಿದ್ದರೂ, ಶುಕ್ರವಾರದೊಳಗೆ ಬಂದು ಸೇರತಕ್ಕದ್ದು. ಹೀಗೆಂದು ಮನೆಯವರು."

ಫೈಲಿಗೆ ಹೆಸರಿಟ್ಟೆ, ಹಳ್ಳಿ ಸಮೇತ. ಅದು ಸರಿಯಾದ ಜಾಗಕ್ಕೆ ಹೋಗುತ್ತದೋ ನೋಡಿ ಅಳಿಸಿಬಿಡೋಣ ಅಂತಿದ್ದೆ. ಅಷ್ಟರಲ್ಲಿ ಬುಗುಲುಂಬ್ಯಾದಿಂದ ಚೀಟಿ ಹಿಡಿದು ಮೂರು ಜನ ಬಂದರು, ಮರೆತೆ.

ಮಧ್ಯಾಹ್ನ ಸಾವಿನ ಸುದ್ದಿಗಳು ಒಂದೊಂದೇ ಗಾಳಿಗೆ ಹೋದವು. ಕೊನೆಯಲ್ಲಿ ನನ್ನ ದನಿ: ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ.

ಇಡೀ ಸೀಮೆ ಕೇಳಿತು. ಕಿರುಂಡಾ ಕೋಣೆಯಿಂದ ಓಡಿಬಂದು ಬಾಗಿಲಲ್ಲಿ ನಿಂತ, ಮತ್ತೆ ಒಳಗೆ ಹೋದ, ಒಳಗಿನಿಂದ ನಗು ಕೇಳಿಸಿತು. ಮುತೇಸಿ ಫೋನು ಮಾಡಿ, "ಮನೆಯವರು ಅಂದ್ರೆ ಯಾರು ರೀ, ನಾನೂ ಸೇರಿನಾ?" ಅಂದಳು. ತಪ್ಪು ನನ್ನದಲ್ಲ, ಯಂತ್ರದ್ದು. ಪರೀಕ್ಷೆ ಯಾವುದು, ಸುದ್ದಿ ಯಾವುದು ಅಂತ ಅದಕ್ಕೆ ಗೊತ್ತಾಗಬೇಡವೇ?

ಸ್ವಲ್ಪ ಹೊತ್ತಿಗೆ ನಂಗೋಬಿಯ ಫೋನು.

"ದೊಡ್ಡಪ್ಪ, ಇಲ್ಲಿವರೆಗೂ ಸರಿಯಾಗಿ ಕೇಳಿಸ್ತು. ಇವರ ಸ್ಟೇಷನ್ನಲ್ಲೂ ಎಲ್ರೂ ನಮ್ಮ ರೇಡಿಯೋನೇ ಹಾಕ್ಕೊಂಡಿದ್ರು."

"ಪರೀಕ್ಷೆ ಅದು."

"ಫೈಲು ಸಂಜೆ ಫೋಲ್ಡರಿಗೂ ಹೋಗಿರತ್ತೆ, ನೋಡು. ಬೇಡದಿದ್ರೆ ಈಗ್ಲೇ ಹೋಗಿ ತೆಗೆದ್ಬಿಡು."

ನೋಡುತ್ತೇನೆ ಅಂದೆ. ನೋಡಿದೆ ಕೂಡ. ಸಂಜೆಯ ಫೋಲ್ಡರಿನಲ್ಲಿ ಅದು ಇತ್ತು, ಹಿಂದೆ ಮುಂದೆ ಕೊಕ್ಕೆ ಸರಿಯಾಗಿ ಬಿದ್ದು ಹೆಸರು ಪೂರ್ತಿಯಾಗಿ ಬಂದಿತ್ತು. ಮೌಸು ಮೇಜಿನ ಆ ತುದಿಯಲ್ಲಿತ್ತು. ಎದ್ದು ಹೋಗಿ ತೆಗೆಯಬೇಕು.

ಮಂಡಿ ನೋಯುತ್ತಿತ್ತು. ಹೋಗಲಿಲ್ಲ.